ಬಾಂಬಿಟ್ಟವನಿಗೆ ಯಾರು ಗೆದ್ದರೇನು? ಉಗ್ರ ಸಂಘಟನೆಗಳು, ಚುನಾವಣೆ, ವಿದೇಶಾಂಗ ನೀತಿ

ಸರಸ್ವತಿಪುರಂ ಪಡಸಾಲೆ

ಮತದಾನಕ್ಕೆ ನಾಲ್ಕೈದು ದಿನ ಇರುವಾಗ ಬಾಂಬ್ ಸಿಡಿಸುವ ಸಂಘಟನೆಗೆ ಇಂಥವರೇ ಗೆಲ್ಲಬೇಕು ಅಂತ ಇರುತ್ತದೆಯೇ? ಅಥವಾ ಅದರ ಲೆಕ್ಕವೇ ಬೇರೆಯೇ? ಮೈಸೂರಿನಲ್ಲಿ ಯಾವ ಕಟ್ಟೆ ಮೇಲೆ ಈ ಮಾತು ಬಂದರೂ ಎರಡೇ ಬಣ. ‘ಉಗ್ರರಿಗೆ ಆ ಪಕ್ಷವೇ ಬೇಕಿತ್ತು’ ಅನ್ನುವವರು, ‘ಆ ಪಕ್ಷವೇ ಮಾಡಿಸಿದ್ದು’ ಅನ್ನುವವರು. ಪುರಾವೆ ಕೇಳಿದರೆ ಇಬ್ಬರದೂ ವಾಟ್ಸ್ಆ್ಯಪ್ ಫಾರ್ವರ್ಡ್. ವಿಷಯ ಗೊತ್ತಿರುವವರು ಇಸವಿ, ಅಂಕಿ ಸಮೇತ ಬರೆಯಿರಿ. ಒತ್ತೆಯಾಳು, ಸೈನ್ಯ ವಾಪಸಾತಿ ಇವೂ ಸೇರಲಿ. ಈ ಸಲದ ಅಭ್ಯರ್ಥಿಗಳ ಜಗಳ ಮಾತ್ರ ಬೇಡ.

ಗಂಗೋತ್ರಿ ಗ್ರಂಥಾಲಯ

ಮ್ಯಾಡ್ರಿಡ್‌ನಿಂದ ಶುರು ಮಾಡುತ್ತೇನೆ. ಎಲ್ಲರೂ ಎತ್ತುವುದು ಅದನ್ನೇ, ಅರ್ಧ ಜನ ಎತ್ತುವುದು ತಪ್ಪಾಗಿ.

2004ರ ಮಾರ್ಚ್ 11, ಗುರುವಾರ ಬೆಳಗ್ಗೆ ನಾಲ್ಕು ಲೋಕಲ್ ರೈಲುಗಳಲ್ಲಿ ಹತ್ತು ಬಾಂಬ್ ಸಿಡಿದವು. 190ಕ್ಕೂ ಹೆಚ್ಚು ಜನ ಸತ್ತರು. ಭಾನುವಾರ, 14ಕ್ಕೆ ಸಾರ್ವತ್ರಿಕ ಚುನಾವಣೆ. ಅಧಿಕಾರದಲ್ಲಿದ್ದ ಪಾಪ್ಯುಲರ್ ಪಾರ್ಟಿ ಸಮೀಕ್ಷೆಗಳಲ್ಲಿ ಮುಂದಿತ್ತು, ಆದರೆ ಅಂತರ ಕಡಿಮೆಯಾಗುತ್ತಾ ಬಂದಿತ್ತು. ಫಲಿತಾಂಶದಲ್ಲಿ ಸಮಾಜವಾದಿಗಳಿಗೆ ಶೇ. 42.6 ಮತ, 164 ಸ್ಥಾನ. ಪಾಪ್ಯುಲರ್ ಪಾರ್ಟಿಗೆ ಶೇ. 37.7, 148 ಸ್ಥಾನ. ಹೊಸ ಪ್ರಧಾನಿ ಸಪತೇರೊ ಅಧಿಕಾರಕ್ಕೆ ಬಂದ ಮರುದಿನವೇ ಇರಾಕ್‌ನಲ್ಲಿದ್ದ 1,300ರಷ್ಟು ಸೈನಿಕರನ್ನು ಕರೆಸಿಕೊಳ್ಳುವುದಾಗಿ ಘೋಷಿಸಿದರು.

ಇಷ್ಟೇ ಓದಿದರೆ ‘ಬಾಂಬ್ ಹಾಕಿದರು, ಸರ್ಕಾರ ಬಿತ್ತು, ಸೈನ್ಯ ಹೊರಟಿತು’ ಅನ್ನಿಸುತ್ತದೆ. ನಡುವಿನ ಮೂರು ದಿನ ಬಿಟ್ಟುಹೋಯಿತು. ಸರ್ಕಾರ ಮೊದಲ ದಿನವೇ ‘ಇದು ಇಟಿಎ ಕೆಲಸ’, ಅಂದರೆ ಬಾಸ್ಕ್ ಪ್ರತ್ಯೇಕತಾವಾದಿಗಳದ್ದು ಅಂತ ಹೇಳಿತು. ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇಟಿಎ ಹೆಸರು ಹಾಕಿಸಿ 1530ನೇ ನಿರ್ಣಯವನ್ನೂ ಮಾಡಿಸಿತು. ಅದೇ ಹೊತ್ತಿಗೆ ಅಲ್ಕಲಾ ದೆ ಎನಾರೆಸ್ ಎಂಬ ಊರಿನಲ್ಲಿ ನಿಂತಿದ್ದ ಒಂದು ವ್ಯಾನಿನಲ್ಲಿ ಪೊಲೀಸರಿಗೆ ಡಿಟೊನೇಟರ್‌ಗಳೂ ಅರಬ್ಬಿಯಲ್ಲಿ ಕುರಾನ್ ಪಠಣದ ಕ್ಯಾಸೆಟ್ಟೂ ಸಿಕ್ಕಿದ್ದವು. ಶನಿವಾರ, ಪ್ರಚಾರ ನಿಷೇಧದ ದಿನ, ಜನ ಎಸ್‌ಎಂಎಸ್ ಕಳಿಸಿಕೊಂಡು ಆಡಳಿತ ಪಕ್ಷದ ಕಚೇರಿ ಮುಂದೆ ಸೇರಿದರು. ಕೂಗಿದ್ದು ‘ಇರಾಕ್ ಬಿಡಿ’ ಅಂತ ಮಾತ್ರ ಅಲ್ಲ, ‘ನಿಜ ಹೇಳಿ’ ಅಂತ. ಮತದಾನ 2000ದ ಶೇ. 68.7ರಿಂದ ಶೇ. 75.7ಕ್ಕೆ ಏರಿತು.

ಇನ್ನೂ ಒಂದಿದೆ. ಸ್ಪೇನಿನಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲಿನಿಂದಲೂ ಇರಾಕ್ ಯುದ್ಧದ ವಿರುದ್ಧ ಇದ್ದರು. ವಿಶ್ವಸಂಸ್ಥೆ ಹೊಣೆ ಹೊರದಿದ್ದರೆ ಜೂನ್ 30ರೊಳಗೆ ಸೈನ್ಯ ವಾಪಸ್ ಎಂಬುದು ಸಪತೇರೊ ದಾಳಿಗೆ ಮೊದಲೇ ಕೊಟ್ಟ ಮಾತು. ಅದೇ ಸರ್ಕಾರ ಆಮೇಲೆ ಅಫ್ಘಾನಿಸ್ತಾನಕ್ಕೆ ಹೆಚ್ಚು ಸೈನಿಕರನ್ನು ಕಳಿಸಿತು. ಹೆದರಿ ಓಡಿದ ಸರ್ಕಾರ ಹಾಗೆ ಮಾಡುವುದಿಲ್ಲ.

ಮಳವಳ್ಳಿ ಹೈದ

ಮೇಡಂ, ಎಲ್ಲಾ ಸರಿ. ಆದ್ರೆ ಬಾಂಬೇ ಸಿಡೀದಿದ್ರೆ ಆ ಪಕ್ಷ ಸೋಲ್ತಿತ್ತಾ? ಅದುನ್ನ ಹೇಳ್ದೆ ಬರೀ ಸುತ್ತು ಹಾಕ್ಬುಟ್ರೆ ಹೆಂಗೆ?

ಗಂಗೋತ್ರಿ ಗ್ರಂಥಾಲಯ

ಕೇಳಬೇಕಾದ್ದೇ ಕೇಳಿದಿರಿ. ಇದನ್ನು ಅಳೆಯಲು ಒಂದು ಒಳ್ಳೆಯ ದಾರಿ ಸಿಕ್ಕಿತು. ವಿದೇಶದಲ್ಲಿರುವ ಸ್ಪೇನಿಗರು ದಾಳಿಗೆ ಮೊದಲೇ ಮತ ಹಾಕಿ ಮುಗಿಸಿದ್ದರು. ಅರ್ಥಶಾಸ್ತ್ರಜ್ಞ ಹೋಸೆ ಮೊಂತಾಲ್ವೊ ಆ ಮತಗಳನ್ನೂ ದೇಶದೊಳಗೆ ಆಮೇಲೆ ಬಿದ್ದ ಮತಗಳನ್ನೂ ಹಿಂದಿನ ಚುನಾವಣೆಗಳ ಜೊತೆ ಇಟ್ಟು ಹೋಲಿಸಿದರು. ದಾಳಿ ಆಗದಿದ್ದರೆ ಆಡಳಿತ ಪಕ್ಷವೇ ಗೆಲ್ಲುತ್ತಿತ್ತು ಎಂಬುದು ಅವರ ತೀರ್ಮಾನ. ಅಂದರೆ ಪರಿಣಾಮ ಆಯಿತು, ಒಪ್ಪಬೇಕು. ಆದರೆ ಪರಿಣಾಮ ಆದದ್ದು ಬಾಂಬಿನಿಂದಲೋ, ಬಾಂಬಿನ ಬಗ್ಗೆ ಸರ್ಕಾರ ಆಡಿದ ಮಾತಿನಿಂದಲೋ ಎಂಬುದನ್ನು ಈ ಲೆಕ್ಕ ಬಿಡಿಸಿ ಹೇಳಲಾರದು. ನನ್ನ ಮಟ್ಟಿಗೆ ಎರಡನೆಯದರ ತೂಕವೇ ಹೆಚ್ಚು.

ದಾಳಿ ಮಾಡಿದವರ ಕಡೆಯ ಕಾಗದವೂ ಇದೆ. 2003ರ ಕೊನೆಯಲ್ಲಿ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯವರ ಕಣ್ಣಿಗೆ ಜಿಹಾದಿ ಜಾಲತಾಣವೊಂದರಲ್ಲಿ ಒಂದು ಅರಬ್ಬಿ ದಾಖಲೆ ಬಿತ್ತು. ಇರಾಕ್‌ನಲ್ಲಿ ಅಮೆರಿಕದ ಜೊತೆಗಿರುವ ದೇಶಗಳಲ್ಲಿ ಯಾರನ್ನು ಮೊದಲು ಬಿಡಿಸಬಹುದು ಎಂಬುದೇ ಅದರ ವಿಷಯ. ಬ್ರಿಟನ್, ಪೋಲೆಂಡ್, ಸ್ಪೇನ್ ಈ ಮೂರರ ಒಳರಾಜಕೀಯ, ಜನಾಭಿಪ್ರಾಯ, ಚುನಾವಣಾ ದಿನಾಂಕ ಎಲ್ಲವನ್ನೂ ಜಾಲಾಡಿದ್ದಾರೆ. ಸ್ಪೇನ್ ಎರಡು, ಹೆಚ್ಚೆಂದರೆ ಮೂರು ಹೊಡೆತ ತಾಳೀತು, ಚುನಾವಣೆ ಹತ್ತಿರ ಇದೆ, ಅದು ಹೊರಟರೆ ಉಳಿದವರ ಮೇಲೂ ಒತ್ತಡ ಬೀಳುತ್ತದೆ ಎಂಬುದು ವಾದ. ಅಲ್ಲಿ ಹೇಳಿದ್ದು ಇರಾಕ್‌ನಲ್ಲಿರುವ ಸ್ಪೇನ್ ಪಡೆಗಳ ಮೇಲಿನ ಹೊಡೆತ, ಮ್ಯಾಡ್ರಿಡ್ ರೈಲುಗಳ ವಿಷಯವಲ್ಲ. ಬರೆದವರೂ ಬಾಂಬಿಟ್ಟವರೂ ಒಂದೇ ಕೈ ಎಂಬುದಕ್ಕೂ ಅದು ಸಾಕ್ಷಿಯಲ್ಲ. ಆದರೆ ಲೆಕ್ಕ ಹಾಕುವ ರೀತಿ ಗೊತ್ತಾಗುತ್ತದೆ. ಅವರು ಹುಡುಕುವುದು ಇಷ್ಟದ ಅಭ್ಯರ್ಥಿಯನ್ನಲ್ಲ. ಜನ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ಇರುವ ಒಂದು ನೀತಿಯನ್ನು.

ಒಂಟಿಕೊಪ್ಪಲ್ ಓದುಗ

ಮ್ಯಾಡ್ರಿಡ್ ಒಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ಬೇರೆಡೆ ಏನಾಯಿತು ನೋಡಿ.

ಮುಂಬೈ ದಾಳಿ 2008ರ ನವೆಂಬರ್ 26ರ ರಾತ್ರಿ. ತಾಜ್ ಹೋಟೆಲಿನ ಕಾರ್ಯಾಚರಣೆ ಮುಗಿದದ್ದು 29ರ ಬೆಳಗ್ಗೆ. ಅದೇ 29ರಂದು ದೆಹಲಿ ವಿಧಾನಸಭೆಗೆ ಮತದಾನ. ವಿರೋಧ ಪಕ್ಷ ಭಯೋತ್ಪಾದನೆಯನ್ನೇ ಮುಂದಿಟ್ಟು ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟಿತ್ತು. ಕೇಂದ್ರದಲ್ಲೂ ದೆಹಲಿಯಲ್ಲೂ ಕಾಂಗ್ರೆಸ್ಸೇ ಅಧಿಕಾರದಲ್ಲಿತ್ತು, ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಸಲೀಸು ಸಂದರ್ಭ ಇಲ್ಲ. ಶೀಲಾ ದೀಕ್ಷಿತ್ ಸತತ ಮೂರನೇ ಸಲ ಗೆದ್ದರು. ಡಿಸೆಂಬರ್ 4ಕ್ಕೆ ಮತ ಹಾಕಿದ ರಾಜಸ್ಥಾನದಲ್ಲಿ ಬಿಜೆಪಿ ಸರ್ಕಾರವೇ ಹೋಯಿತು. 2009ರ ಮೇನಲ್ಲಿ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ವಾಪಸ್. ಗೃಹ ಸಚಿವ ಶಿವರಾಜ ಪಾಟೀಲ್ ರಾಜೀನಾಮೆ ಕೊಟ್ಟಿದ್ದರು, ಡಿಸೆಂಬರಿನಲ್ಲೇ ರಾಷ್ಟ್ರೀಯ ತನಿಖಾ ದಳ ರಚಿಸುವ ಎನ್‌ಐಎ ಕಾಯ್ದೆ ಬಂದಿತ್ತು. ಹೊಣೆ ಹೊತ್ತಂತೆ ಕಂಡಿತು ಅನ್ನಬಹುದು.

2017ರ ಏಪ್ರಿಲ್ 20ರಂದು ಪ್ಯಾರಿಸ್ಸಿನ ಶಾಂಜ್ ಎಲಿಸೆಯಲ್ಲಿ ಪೊಲೀಸನೊಬ್ಬನ ಕೊಲೆ, ಐಸಿಸ್ ತನ್ನದೆಂದಿತು. ಮೂರು ದಿನಕ್ಕೆ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು. ಕಟ್ಟಾ ಬಲಪಂಥದ ಲೆ ಪೆನ್‌ಗೆ ಲಾಭ ಅಂತ ಎಲ್ಲರೂ ಹೇಳಿದರು. ಮ್ಯಾಕ್ರೋನ್ ಶೇ. 24, ಲೆ ಪೆನ್ ಶೇ. 21.3, ಎರಡನೇ ಸುತ್ತಿನಲ್ಲಿ ಮ್ಯಾಕ್ರೋನ್‌ಗೆ ಶೇ. 66.

ಅದೇ ವರ್ಷ ಬ್ರಿಟನ್. ಮೇ 22ರಂದು ಮ್ಯಾಂಚೆಸ್ಟರ್‌ನಲ್ಲಿ 22 ಜನ ಸತ್ತರು. ಜೂನ್ 3ರಂದು ಲಂಡನ್ ಬ್ರಿಡ್ಜ್, ಜೂನ್ 8ಕ್ಕೆ ಮತದಾನ. ‘ಭದ್ರತೆ ಅಂದರೆ ಬಲಪಂಥಕ್ಕೆ ಲಾಭ’ ಎಂಬ ಸೂತ್ರದ ಪ್ರಕಾರ ಪ್ರಧಾನಿ ಥೆರೆಸಾ ಮೇ ದೊಡ್ಡದಾಗಿ ಗೆಲ್ಲಬೇಕಿತ್ತು. ಚರ್ಚೆ ಹೋದದ್ದು, ಅವರ ಪಕ್ಷದ ಆಳ್ವಿಕೆಯಲ್ಲಿ ಪೊಲೀಸ್ ಬಲ 20,000ದಷ್ಟು ಕಡಿಮೆಯಾದ ಕಡೆಗೆ. ಆಗ ಗೃಹ ಸಚಿವೆಯಾಗಿದ್ದವರು ಅವರೇ. ಬಹುಮತವೇ ಕೈತಪ್ಪಿತು.

ಸೂತ್ರ ಕಟ್ಟುವ ಮೊದಲು ಈ ಮೂರನ್ನೂ ನುಂಗಿಕೊಳ್ಳಬೇಕಾಗುತ್ತದೆ.

ಗಂಗೋತ್ರಿ ಗ್ರಂಥಾಲಯ

ಒಪ್ಪಿದೆ ಸಾರ್. ಹಾಗೆ ನೋಡಿದರೆ ನಿಜವಾಗಿ ತೂಕ ಬದಲಾದದ್ದು ಇಸ್ರೇಲಿನಲ್ಲಿ, 1996ರಲ್ಲಿ. ಅಲ್ಲಿ ಉದ್ದೇಶವೇ ಬೇರೆ: ಮಾತುಕತೆ ಮುರಿಯುವುದು.

ಪ್ರಧಾನಿ ರಾಬಿನ್ ಕೊಲೆ 1995ರ ನವೆಂಬರ್ 4. ಕೊಂದವನು ಯಹೂದಿ ಉಗ್ರ, ಅವನದೂ ಪ್ಯಾಲೆಸ್ಟೀನಿಯರ ಜೊತೆಗಿನ ಓಸ್ಲೋ ಶಾಂತಿ ಒಪ್ಪಂದ ಮುರಿಯುವ ಉದ್ದೇಶವೇ. ಅನುಕಂಪದ ಅಲೆಯಲ್ಲಿ, ರಾಬಿನ್ ಜಾಗಕ್ಕೆ ಬಂದ ಶಿಮೋನ್ ಪೆರೆಸ್ ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದರು. 1996ರ ಜನವರಿಯಲ್ಲಿ ಪ್ಯಾಲೆಸ್ಟೀನಿ ಸಂಘಟನೆ ಹಮಾಸ್‌ನ ಬಾಂಬ್ ತಯಾರಕ ಯಾಹ್ಯಾ ಅಯ್ಯಾಶ್‌ನನ್ನು ಇಸ್ರೇಲ್ ಕೊಂದಿತು. ಫೆಬ್ರವರಿ 25ರಿಂದ ಮಾರ್ಚ್ 4ರವರೆಗೆ ಒಂಬತ್ತು ದಿನದಲ್ಲಿ ಜೆರುಸಲೇಮ್, ಆಶ್ಕೆಲೋನ್, ಟೆಲ್ ಅವೀವ್‌ನಲ್ಲಿ ಆತ್ಮಹತ್ಯಾ ದಾಳಿಗಳು, 60ರ ಆಸುಪಾಸು ಸಾವು. ಮೇ 29ರಂದು ಬಲಪಂಥೀಯ ನೆತನ್ಯಾಹು ಗೆದ್ದದ್ದು 30,000ಕ್ಕಿಂತ ಕಡಿಮೆ ಮತಗಳಿಂದ. ನಡುವೆ ಏಪ್ರಿಲಿನಲ್ಲಿ ಲೆಬನಾನಿನ ಕಾನಾದಲ್ಲಿ ಇಸ್ರೇಲಿ ಶೆಲ್ ದಾಳಿಗೆ ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಪೆರೆಸ್ ಮೇಲಿನ ಸಿಟ್ಟಿಗೆ ಅನೇಕ ಅರಬ್ ಮತದಾರರು ಖಾಲಿ ಚೀಟಿ ಹಾಕಿದರು. ಅಷ್ಟು ತೆಳು ಅಂತರದಲ್ಲಿ ಎರಡೂ ಕೆಲಸ ಮಾಡಿವೆ.

ಬೆರ್ರೆಬಿ, ಕ್ಲೋರ್ ಎಂಬಿಬ್ಬರು ಇಸ್ರೇಲಿನ ಊರೂರಿನ ಅಂಕಿ ತೆಗೆದು 2008ರಲ್ಲಿ ಪ್ರಕಟಿಸಿದರು. ಚುನಾವಣೆಗೆ ಮೂರು ತಿಂಗಳೊಳಗೆ ಸಾವು ತಂದ ದಾಳಿ ನಡೆದ ಊರಲ್ಲಿ ಬಲಪಂಥೀಯ ಬಣದ ಮತ ಸರಾಸರಿ 1.35 ಶೇಕಡಾಂಶ ಏರುತ್ತದೆ. ಕೇಳಲು ಚಿಲ್ಲರೆ. ಅಂತರ ಒಂದು ಪರ್ಸೆಂಟಿನದ್ದಾಗಿದ್ದರೆ ಸರ್ಕಾರವೇ ಅದರಲ್ಲಿದೆ.

ಹಮಾಸ್‌ಗೆ ನೆತನ್ಯಾಹು ಬೇಕಿದ್ದರೇ? ಪ್ರಶ್ನೆಯನ್ನು ಹಾಗೆ ಕೇಳಲೇಬಾರದು. ಮಾತುಕತೆಯ ಮೇಜಿನಾಚೆ ಕೂತ ಪ್ಯಾಲೆಸ್ಟೀನಿ ನಾಯಕ ಅರಾಫತ್‌ಗೆ ‘ಇವನ ಕೈಲಿ ತನ್ನವರನ್ನೇ ಹಿಡಿದಿಡಲಾಗದು’ ಎಂಬ ಹೆಸರು ಬರಬೇಕಿತ್ತು. ಆ್ಯಂಡ್ರೂ ಕಿಡ್, ಬಾರ್ಬರಾ ವಾಲ್ಟರ್ ಎಂಬ ವಿದ್ವಾಂಸರು ಉಗ್ರರ ತಂತ್ರಗಳನ್ನು ಐದಾಗಿ ವಿಂಗಡಿಸುತ್ತಾರೆ. ಎದುರಾಳಿಯನ್ನು ದಣಿಸುವುದು, ಜನರನ್ನು ಹೆದರಿಸುವುದು, ಸರ್ಕಾರವನ್ನು ಕೆರಳಿಸಿ ಅತಿರೇಕಕ್ಕೆ ಎಳೆಯುವುದು, ಸಂಧಾನ ಕೆಡಿಸುವುದು, ತನ್ನದೇ ಜನರ ನಡುವೆ ಇನ್ನೊಂದು ಗುಂಪಿಗಿಂತ ತಾನು ಗಟ್ಟಿ ಅಂತ ತೋರಿಸಿಕೊಳ್ಳುವುದು. ಒಂದೇ ದಾಳಿಯಲ್ಲಿ ಎರಡು ಮೂರು ಸೇರಿರುತ್ತವೆ. ಟೀವಿಯವರು ಮಾತ್ರ ಪ್ರತಿ ಸಲ ‘ಯಾವ ಪಕ್ಷಕ್ಕೆ ಲಾಭ’ ಅಂತಲೇ ಕೂರುತ್ತಾರೆ.

ಬೂತ್ ಮಟ್ಟದವ

‘ಜನರನ್ನು ಹೆದರಿಸುವುದು’ ಅಂತ ಮೇಡಂ ಅರ್ಧ ಸಾಲಲ್ಲಿ ಮುಗಿಸಿದರು. ಭಾರತದಲ್ಲಿ ಹೆಚ್ಚು ನಡೆದಿರುವುದು ಅದೇ, ಬಾಂಬ್ ಸಿಡಿಸಿ ಅಭಿಪ್ರಾಯ ತಿರುಗಿಸುವುದಲ್ಲ. ಬಹಿಷ್ಕಾರದ ಕರೆ. ಅದು ಚುನಾವಣಾ ವಿಧಾನದ ಸಣ್ಣ ಸಣ್ಣ ಸಂದಿಗಳಲ್ಲಿ ಹೊಕ್ಕು ಕೆಲಸ ಮಾಡುತ್ತದೆ.

ಮೊದಲ ಸಂದಿ, ಬೆರಳಿನ ಶಾಯಿ. ತಯಾರಾಗುವುದು ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನಲ್ಲಿ. 1937ರಲ್ಲಿ ಶುರುವಾದ ಕಾರ್ಖಾನೆ, 1962ರ ಸಾರ್ವತ್ರಿಕ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕೊಡುತ್ತಿದೆ. 10 ಮಿಲಿ ಲೀಟರಿನ ಸೀಸೆ ಸುಮಾರು 700 ಮತದಾರರಿಗೆ ಸಾಕು. ಒಳಗಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗಿ ಕೂರುತ್ತದೆ. ಸೋಪು ಹಾಕಿ ತಿಕ್ಕಿದರೆ ಹೋಗದು, ಚರ್ಮ, ಉಗುರು ಬೆಳೆದೇ ಹೋಗಬೇಕು. 2006ರಿಂದ ಎಡ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಬುಡದವರೆಗೆ ಗೆರೆ ಎಳೆಯುತ್ತಾರೆ. ಕಳ್ಳ ಮತ ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಆದರೆ ‘ಮತ ಹಾಕಿದವರ ಗತಿ ನೋಡ್ಕೋತೀವಿ’ ಎಂಬ ಬೆದರಿಕೆ ಇರುವ ಊರಲ್ಲಿ ಆ ಗೆರೆ ವಾರಗಟ್ಟಲೆ ಮೈಮೇಲಿನ ಸಾಕ್ಷಿ. ಮಾವೋವಾದಿಗಳ ಬೆದರಿಕೆಯಿದ್ದ ಛತ್ತೀಸಗಢದ ಬಸ್ತರ್ ಕಡೆಯ ಹಳ್ಳಿಗಳಿಂದ ‘ಶಾಯಿ ಹಾಕಬೇಡಿ, ಮತ ಹಾಕ್ತೀವಿ’ ಎಂಬ ಬೇಡಿಕೆ ಬಂದದ್ದು ಇದಕ್ಕೇ. ಅಫ್ಘಾನಿಸ್ತಾನದ ಹೆರಾತ್‌ನಲ್ಲಿ 2014ರ ಜೂನ್ ಎರಡನೇ ಸುತ್ತಿನ ಮತದಾನದ ದಿನ ತಾಲಿಬಾನಿಗಳು 11 ಮಂದಿಯ ಶಾಯಿ ಹಚ್ಚಿದ ಬೆರಳು ಕತ್ತರಿಸಿದರು. 

ಎರಡನೇ ಸಂದಿ ಇನ್ನೂ ಸೂಕ್ಷ್ಮ: ಬೂತ್‌ವಾರು ಎಣಿಕೆ. ಮತಪತ್ರದ ಕಾಲದಲ್ಲಿ ಹಲವು ಬೂತ್‌ಗಳ ಚೀಟಿ ಬೆರೆಸಿ ಎಣಿಸಲು ಚುನಾವಣಾ ನಿಯಮ 59ಎ ಅಡಿ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಯಂತ್ರದ ಲೆಕ್ಕ ಬೇರೆ ಬೇರೆ. 900 ಮತದಾರರ ಬೂತ್‌ನಲ್ಲಿ ಹನ್ನೊಂದೇ ಮತ ಬಿದ್ದರೆ ಊರಿಗೆಲ್ಲ ಗೊತ್ತು ಆ ಹನ್ನೊಂದು ಯಾರದ್ದು ಅಂತ. 14 ಯಂತ್ರಗಳ ಲೆಕ್ಕ ಒಟ್ಟು ಮಾಡಿ ತೋರಿಸುವ ‘ಟೋಟಲೈಸರ್’ ಬಳಸಬೇಕೆಂದು ಚುನಾವಣಾ ಆಯೋಗವೇ ಕೇಂದ್ರಕ್ಕೆ ಹೇಳಿತ್ತು. ಜಾರಿಗೆ ಬಂದಿಲ್ಲ. ಪಕ್ಷಗಳಿಗೆ ಬೂತ್‌ವಾರು ಅಂಕಿ ಬೇಕು, ಯಾವ ಬೀದಿ ಕೈಕೊಟ್ಟಿತು ಅಂತ ನೋಡಲು. ಉಗ್ರರಿಗೂ ಅದೇ ಅಂಕಿ ಬೇಕು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೂರನೆಯದು ಅಭ್ಯರ್ಥಿ ಕೊಲೆ. ಹಿಂದೆ ಯಾವುದೇ ಅಭ್ಯರ್ಥಿ, ಡಿಪಾಸಿಟ್ ಉಳಿಯದ ಪಕ್ಷೇತರನೇ ಆಗಲಿ, ಮತದಾನಕ್ಕೆ ಮೊದಲು ಸತ್ತರೆ ಚುನಾವಣೆಯೇ ರದ್ದಾಗುತ್ತಿತ್ತು. ಭದ್ರತೆಯೇ ಇಲ್ಲದ ಒಬ್ಬನನ್ನು ಕೊಂದು ಇಡೀ ಕ್ಷೇತ್ರವನ್ನು ನಿಲ್ಲಿಸುವ ದಾರಿ ಅದು. 1996ರ ತಿದ್ದುಪಡಿಯ ನಂತರ ಜನಪ್ರತಿನಿಧಿ ಕಾಯ್ದೆಯ 52ನೇ ಸೆಕ್ಷನ್ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಮಾತ್ರ ಅನ್ವಯ, ಅದೂ ಮುಂದೂಡಿಕೆ ಅಷ್ಟೇ. ಆ ಪಕ್ಷ ಏಳು ದಿನದೊಳಗೆ ಬೇರೆಯವರನ್ನು ನಿಲ್ಲಿಸಬಹುದು.

ಒಂಟಿಕೊಪ್ಪಲ್ ಓದುಗ

ಬಹಿಷ್ಕಾರ ಗೆದ್ದಿತು ಅಂತ ಯಾವಾಗ ಅನ್ನುತ್ತೀರಿ ಸಾರ್? ಪಂಜಾಬ್ 1992ರ ಫೆಬ್ರವರಿಯಲ್ಲಿ ಮತದಾನ ಶೇ. 24ರ ಹತ್ತಿರ. ಅದಕ್ಕೆ ಮೊದಲು 1991ರ ಜೂನ್‌ನಲ್ಲಿ ಸಾಲು ಸಾಲು ಅಭ್ಯರ್ಥಿಗಳ ಕೊಲೆಯಾಗಿ ಮತದಾನದ ಹಿಂದಿನ ದಿನ ಚುನಾವಣೆಯನ್ನೇ ನಿಲ್ಲಿಸಿದ್ದರು. ಖಾಲಿಸ್ತಾನಿ ಉಗ್ರರು ಗೆದ್ದಂತೆಯೇ ಕಂಡಿತು.

ಬೂತ್ ಮಟ್ಟದವ

ಕಂಡಿತು, ಆದರೆ ಮುಂದೇನಾಯಿತು ನೋಡಿ. ಅಕಾಲಿಗಳ ದೊಡ್ಡ ಬಣಗಳು ಹೊರಗೆ ಉಳಿದವು, ಶೇ. 24ರಲ್ಲೇ ಕಾಂಗ್ರೆಸ್ಸಿನ ಬಿಯಾಂತ್ ಸಿಂಗ್ ಸರ್ಕಾರ ಕೂತಿತು. ಪೊಲೀಸ್ ಕಾರ್ಯಾಚರಣೆಗೆ ಚುನಾಯಿತ ಸರ್ಕಾರದ ಬೆನ್ನು ಸಿಕ್ಕಿತು. ಒಂದೇ ವರ್ಷದಲ್ಲಿ, 1993ರ ಜನವರಿಯ ಪಂಚಾಯಿತಿ ಚುನಾವಣೆಯಲ್ಲಿ, ಮತದಾನ ಶೇ. 80ರ ಆಸುಪಾಸು. ಆ ಕಾರ್ಯಾಚರಣೆಯಲ್ಲಿ ನಡೆದ ಕಾನೂನುಬಾಹಿರ ಕೊಲೆಗಳ ಪ್ರಕರಣಗಳು ಕೋರ್ಟಿನಲ್ಲಿ ದಶಕಗಳ ಕಾಲ ನಡೆದವು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಬಿಯಾಂತ್ ಸಿಂಗ್ 1995ರ ಆಗಸ್ಟ್ 31ರಂದು ಬಾಂಬಿಗೆ ಬಲಿಯಾದರು.

ಕಾಶ್ಮೀರದಲ್ಲಿ ಇನ್ನೊಂದು ಮುಖ. 2017ರ ಏಪ್ರಿಲ್‌ನ ಶ್ರೀನಗರ ಉಪಚುನಾವಣೆಯಲ್ಲಿ ಮತದಾನ ಶೇ. 7, ಮರುಮತದಾನದ ಬೂತ್‌ಗಳಲ್ಲಿ ಶೇ. 2. ಅನಂತನಾಗ್ ಉಪಚುನಾವಣೆ ನಡೆಯಲೇ ಇಲ್ಲ. 2024ರಲ್ಲಿ ಅದೇ ಶ್ರೀನಗರದಲ್ಲಿ ಶೇ. 38. ಭಯ ಎಷ್ಟು, ಸಿಟ್ಟು ಎಷ್ಟು ಅಂತ ಶೇಕಡಾವಾರು ಹೇಳುವುದಿಲ್ಲ. ಮತ ಹಾಕದವನು ಹೆದರಿದವನೇ ಆಗಬೇಕಿಲ್ಲ.

ಮಳವಳ್ಳಿ ಹೈದ

ಎಲ್ಲ ದೂರದ್ ಮಾತಾಯ್ತು ಕಣಣ್ಣ. ನಮ್ ಮುತ್ತತ್ತಿ ಯಾರ್ಗೂ ನೆಪ್ಪಿಲ್ವಾ?

ರಾಜೀವ್ ಗಾಂಧಿ ಕೊಲೆ 1991ರ ಮೇ 21, ಶ್ರೀಪೆರಂಬದೂರು. ಮೊದಲ ಹಂತದ ಮತದಾನ ಮುಗಿದು ಬರೀ ಒಂದು ದಿನ. ಉಳಿದದ್ದನ್ನ ಚುನಾವಣಾ ಆಯುಕ್ತ ಶೇಷನ್ನು ಜೂನ್ 12, 15ಕ್ಕೆ ಮುಂದೂಡುದ್ರು. ಆಗಸ್ಟಲ್ಲಿ ಕೊಲೆ ಸಂಚಿನ ಮುಖಂಡ ಶಿವರಸನ್ನು ಬೆಂಗಳೂರಿನ ಕೋಣನಕುಂಟೆ ಮನೇಲಿ ಸತ್ತ. ಅದಕ್ಕೂ ಮುಂಚೆ ಕಾವೇರಿ ದಂಡೆ ಮುತ್ತತ್ತಿಲಿ, ಬಿರೂಟದಲ್ಲಿ ಅಡಗಿದ್ದ ಲಂಕೆ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇ ಹುಡುಗ್ರು ಪೊಲೀಸ್ರು ಸುತ್ಕೊಂಡಾಗ ಸೈನೈಡ್ ಕಚ್ಚುದ್ರು. ಇಲ್ಲಿಗಂಟ ಬಂದಿತ್ತು ಆ ವಿದೇಶಾಂಗ ನೀತಿ.

ಅವ್ರ ಲೆಕ್ಕ ಏನು? ರಾಜೀವ್ ಮತ್ತೆ ಪ್ರಧಾನಿ ಆದ್ರೆ ಭಾರತದ ಶಾಂತಿಪಾಲನಾ ಪಡೆ ಮತ್ತೆ ಲಂಕೆಗೆ ಬರ್ತದೆ ಅಂತ. ಆಗಿದ್ದೇನು? ಮೇ 20ಕ್ಕೆ ಮತ ಹಾಕಿದ್ ಕಡೆಗಿಂತ ಜೂನ್‌ನಲ್ಲಿ ಹಾಕಿದ್ ಕಡೆ ಕಾಂಗ್ರೆಸ್ ಎದ್ದು ಕಾಣೋ ಹಂಗೆ ಮೇಲೆ ಬಂತು, ಸರ್ಕಾರನೂ ಅವರ್ದೇ ಆಯ್ತು. ತಮಿಳುನಾಡಲ್ಲಿ ಎಲ್‌ಟಿಟಿಇ ಮೇಲೆ ಮೆದು ಅನ್ನಿಸ್ಕೊಂಡಿದ್ದ ಡಿಎಂಕೆ ನೆಲ ಕಚ್ಚಿತು. 1992ರ ಮೇ 14ಕ್ಕೆ ಎಲ್‌ಟಿಟಿಇ ನಿಷೇಧ. ತಮಿಳುನಾಡಿನ ಆಸರೆ, ಡೀಸೆಲ್ಲು, ಔಷಧಿ, ಗಾಯಾಳಿಗೆ ಆಸ್ಪತ್ರೆ ಎಲ್ಲಕ್ಕೂ ಕಲ್ಲು ಬಿತ್ತು. ಹೊಡೆದದ್ದು ಒಬ್ಬರನ್ನ, ಕಡಿದ್ಕೊಂಡಿದ್ದು ತಾವು ಕೂತಿದ್ದ ಕೊಂಬೆನ.

ಗಂಗೋತ್ರಿ ಗ್ರಂಥಾಲಯ

ಮಳವಳ್ಳಿಯವರು ಚೆನ್ನಾಗಿ ಹೇಳಿದರು. ಕಾನೂನಿನ ಒಂದು ತಿರುವು ಸೇರಿಸುತ್ತೇನೆ. 1999ರ ಮೇನಲ್ಲಿ ಸುಪ್ರೀಂ ಕೋರ್ಟ್ ಈ ಕೊಲೆ ಪ್ರಕರಣದ ಶಿಕ್ಷೆಗಳಲ್ಲಿ ಕೆಲವನ್ನು ಎತ್ತಿಹಿಡಿದರೂ, ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ‘ಭಯೋತ್ಪಾದಕ ಕೃತ್ಯ’ ಎಂಬ ಆರೋಪವನ್ನು ಒಪ್ಪಲಿಲ್ಲ. ಸರ್ಕಾರವನ್ನು ಬೆದರಿಸುವ ಉದ್ದೇಶ ಸಾಬೀತಾಗಿಲ್ಲ, ರಾಜೀವ್ ಮೇಲಿನ ದ್ವೇಷ ಸಾಬೀತಾಗಿದೆ ಎಂಬ ಅರ್ಥದ ತೀರ್ಪು. ನಾವು ಇಲ್ಲಿ ಸಲೀಸಾಗಿ ‘ನೀತಿ ಬದಲಿಸಲು ಮಾಡಿದರು’ ಅನ್ನುತ್ತೇವೆ, ಕೋರ್ಟಿನಲ್ಲಿ ಅದನ್ನು ರುಜುವಾತು ಮಾಡುವುದು ಅಷ್ಟು ಸಲೀಸಲ್ಲ.

ಅದೇ ಸಂಘಟನೆಯ 2005ರ ಲೆಕ್ಕ ಇನ್ನೂ ವಿಚಿತ್ರ. ನವೆಂಬರ್ 17ರ ಶ್ರೀಲಂಕಾ ಅಧ್ಯಕ್ಷ ಚುನಾವಣೆ. ರನಿಲ್ ವಿಕ್ರಮಸಿಂಘೆ ಮಾತುಕತೆಯ ಪರ, ಮಹಿಂದ ರಾಜಪಕ್ಸೆ ಬಿಗಿ ನಿಲುವಿನವರು. ತಮಿಳರ ಮತ ರನಿಲ್‌ಗೆ ಬೀಳುವುದಿತ್ತು. ಎಲ್‌ಟಿಟಿಇ ಹಿಡಿತದ ಕಡೆ ಬಹಿಷ್ಕಾರ ಹೇರಿತು. ಜಾಫ್ನಾ ಜಿಲ್ಲೆಯ 7 ಲಕ್ಷ ಮತದಾರರಲ್ಲಿ ಬಿದ್ದದ್ದು 8,500ರಷ್ಟು, ಶೇ. 1.2. ಕಿಲಿನೊಚ್ಚಿಯಲ್ಲಿ ಬಿದ್ದದ್ದು ಒಂದೇ ಒಂದು ಮತ. ರಾಜಪಕ್ಸೆ ಶೇ. 50.29, ರನಿಲ್ ಶೇ. 48.43, ಅಂತರ 1.8 ಲಕ್ಷ. ಉಗ್ರ ಸಂಘಟನೆಯೊಂದು ಫಲಿತಾಂಶವನ್ನೇ ನಿರ್ಧರಿಸಿತು ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದಾದ ಪ್ರಕರಣ ಇದು. ಹಣ ಕೈಬದಲಾಯಿತೆಂಬ ಆರೋಪವೂ ಕೇಳಿಬಂತು. ಕಾರಣ ಏನೇ ಇರಲಿ, ಬಿಗಿ ನಿಲುವಿನವನು ಬಂದರೆ ಜಗತ್ತಿನ ಒತ್ತಡ ಕೊಲಂಬೊ ಮೇಲೆ ಬೀಳುತ್ತದೆ, ಸಿಂಹಳ ಸರ್ಕಾರದ ಮುಖವಾಡ ಕಳಚುತ್ತದೆ ಎಂಬುದು ಅವರ ನಂಬಿಕೆ ಇದ್ದಂತಿದೆ. ತಾವೇ ಗೆಲ್ಲಿಸಿದ ಅಧ್ಯಕ್ಷನ ಸೈನ್ಯ 2009ರ ಮೇನಲ್ಲಿ ಪ್ರಭಾಕರನ್ ಸಮೇತ ಸಂಘಟನೆಯನ್ನು ಮುಗಿಸಿತು. ನಡುವೆ ಸಿಕ್ಕಿ ಸತ್ತ ತಮಿಳು ನಾಗರಿಕರು ಎಷ್ಟು ಎಂಬ ಜಗಳ ಇಂದಿಗೂ ನಿಂತಿಲ್ಲ.

ಸರಸ್ವತಿಪುರಂ ಪಡಸಾಲೆ

ಹಾಗಾದರೆ ಒಟ್ಟಾರೆ ‘ಕೆಲಸ ಆಗುವುದಿಲ್ಲ’ ಅಂತಲೇ?

ಗಂಗೋತ್ರಿ ಗ್ರಂಥಾಲಯ

ಅದರಲ್ಲೂ ಎರಡು ಪಾಳೆಯ. ಸಂಶೋಧಕ ರಾಬರ್ಟ್ ಪೇಪ್ 1980ರಿಂದ 2001ರವರೆಗಿನ ಆತ್ಮಹತ್ಯಾ ದಾಳಿಗಳ ಅಭಿಯಾನಗಳನ್ನು ನೋಡಿ, ಅರ್ಧದಷ್ಟರಲ್ಲಿ ಎದುರಾಳಿ ದೇಶ ಏನಾದರೂ ಬಿಟ್ಟುಕೊಟ್ಟಿದೆ ಎಂದರು. ಮ್ಯಾಕ್ಸ್ ಅಬ್ರಾಮ್ಸ್ 2006ರಲ್ಲಿ 28 ಗುಂಪುಗಳ 42 ಗುರಿಗಳನ್ನು ಲೆಕ್ಕ ಹಾಕಿ, ಈಡೇರಿದ್ದು ಶೇ. 7 ಮಾತ್ರ ಎಂದರು. ನಾಗರಿಕರ ಮೇಲೆ ಹೆಚ್ಚು ದಾಳಿ ಮಾಡಿದ ಗುಂಪುಗಳದ್ದು ಬಹುತೇಕ ಸೋಲೇ. ಹೊಡೆಸಿಕೊಂಡ ಜನ ‘ಇವರಿಗೆ ನಮ್ಮ ನೀತಿ ಬದಲಾಗುವುದು ಬೇಕಿಲ್ಲ, ನಾವೇ ಇರುವುದು ಬೇಕಿಲ್ಲ’ ಎಂದುಕೊಳ್ಳುತ್ತಾರೆ, ಆಮೇಲೆ ರಿಯಾಯಿತಿಯ ಮಾತೇ ಏಳುವುದಿಲ್ಲ. ಪೇಪ್ ಲೆಕ್ಕದಲ್ಲಿ ತೂಗುವ ಉದಾಹರಣೆ ಲೆಬನಾನಿನ ಬೈರೂತ್. 1983ರ ಅಕ್ಟೋಬರ್ 23ರಂದು ಟ್ರಕ್ ಬಾಂಬುಗಳಿಗೆ 241 ಅಮೆರಿಕನ್ ಯೋಧರು, 58 ಫ್ರೆಂಚ್ ಯೋಧರು ಸತ್ತರು, ಮುಂದಿನ ಫೆಬ್ರವರಿಯಲ್ಲಿ ರೇಗನ್ ಸೈನ್ಯ ಹಿಂತೆಗೆದರು. ಗಮನಿಸಿ, ಅದು ಸೈನಿಕ ನೆಲೆ, ಅಮೆರಿಕಕ್ಕೆ ಅಲ್ಲಿ ಇದ್ದೇ ತೀರಬೇಕಾದ ಕಾರಣವೂ ಇರಲಿಲ್ಲ. ಅಂಥ ಕಡೆ ಒತ್ತಡ ಕೆಲಸ ಮಾಡುತ್ತದೆ. ಇಸ್ರೇಲಿಗೆ ಜೆರುಸಲೇಮ್ ಬಿಡು ಅಂದರೆ ನಡೆಯದು.

ಒಂಟಿಕೊಪ್ಪಲ್ ಓದುಗ

ಸೈನ್ಯ ವಾಪಸಾತಿಗೆ ಫಿಲಿಪೀನ್ಸ್ ನೋಡಬೇಕು, ನಮ್ಮವರಿಗೂ ಸಂಬಂಧ ಇದೆ.

2004ರ ಜುಲೈನಲ್ಲಿ ಇರಾಕ್‌ನಲ್ಲಿ ಒಬ್ಬ ಫಿಲಿಪಿನೊ ಟ್ರಕ್ ಡ್ರೈವರ್ ಒತ್ತೆಯಾಳು. ಫಿಲಿಪೀನ್ಸ್ ಪಡೆ ಅಲ್ಲಿದ್ದದ್ದು ಕೇವಲ 51 ಜನ, ಆಗಸ್ಟ್ 20ಕ್ಕೆ ಹೇಗೂ ವಾಪಸ್ ಬರುವುದಿತ್ತು. ದೇಶದ ಲಕ್ಷಾಂತರ ಕುಟುಂಬಗಳು ಕೊಲ್ಲಿಯಿಂದ ಬರುವ ದುಡ್ಡಿನಲ್ಲಿ ಬದುಕುವುದರಿಂದ ಬೀದಿಯ ಒತ್ತಡ ತಡೆಯಲಾಗಲಿಲ್ಲ. ಅಧ್ಯಕ್ಷೆ ಅರೊಯೊ ಒಂದು ತಿಂಗಳು ಮೊದಲೇ ಕರೆಸಿಕೊಂಡರು. ಡ್ರೈವರ್ ಬಿಡುಗಡೆ ಜುಲೈ 20. ಮರುದಿನವೇ ಇನ್ನೊಂದು ಗುಂಪು ಏಳು ಟ್ರಕ್ ಡ್ರೈವರ್‌ಗಳನ್ನು ಹಿಡಿದದ್ದು ಬಯಲಾಯಿತು: ಮೂವರು ಭಾರತೀಯರು, ಮೂವರು ಕೀನ್ಯಾದವರು, ಒಬ್ಬ ಈಜಿಪ್ಟಿನವ. ಈ ಯಾವ ದೇಶದ ಸೈನ್ಯವೂ ಇರಾಕ್‌ನಲ್ಲಿ ಇರಲಿಲ್ಲ! ಕೇಳಿದ್ದು ಅವರ ಕುವೈತ್ ಕಂಪನಿ ಇರಾಕ್ ಬಿಡಬೇಕು ಅಂತ, ಬೇಡಿಕೆ ದಿನಕ್ಕೊಂದು ಬದಲಾಯಿತು. ಸೆಪ್ಟೆಂಬರ್ 1ರಂದು ಬಿಟ್ಟರು.

ಅಂದರೆ 51 ಜನರನ್ನು ವಾಪಸ್ ಕರೆಸಿದ್ದರಿಂದ ಯುದ್ಧದ ಮೇಲೆ ಆದ ಪರಿಣಾಮ ಸೊನ್ನೆ. ಒತ್ತೆಯಾಳಿನ ಬೆಲೆ ಮಾತ್ರ ಏರಿತು. ಕಂದಹಾರ್‌ದೂ ಇದೇ ಕಥೆ: 1999ರ ಡಿಸೆಂಬರ್ 31ಕ್ಕೆ ಅಪಹರಿಸಿದ್ದ ಐಸಿ 814 ವಿಮಾನದ ಪ್ರಯಾಣಿಕರಿಗಾಗಿ ಜೈಲಿನಲ್ಲಿದ್ದ ಮೂವರು ಉಗ್ರರನ್ನು ಬಿಟ್ಟೆವು, ಅವರಲ್ಲಿ ಮಸೂದ್ ಅಜರ್ 2000ದಲ್ಲಿ ಜೈಶ್ ಎಂಬ ಉಗ್ರ ಸಂಘಟನೆ ಕಟ್ಟಿದ. ಆ ವಿಮಾನದಲ್ಲಿದ್ದವರ ಮನೆಯವರ ಜಾಗದಲ್ಲಿ ಕೂತು ನೋಡಿದರೆ ಬಿಡಬಾರದಿತ್ತು ಅನ್ನಲು ನನಗೂ ಬಾಯಿ ಬರುವುದಿಲ್ಲ.

ಬೂತ್ ಮಟ್ಟದವ

ಜೈಶ್ ಹೆಸರು ಬಂತು, ಪುಲ್ವಾಮಾ ಬಿಟ್ಟರೆ ಅರ್ಧವಾಗುತ್ತದೆ. 2019ರ ಫೆಬ್ರವರಿ 14ರಂದು 40 ಸಿಆರ್‌ಪಿಎಫ್ ಯೋಧರು ಸತ್ತರು, ಒಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. 26ಕ್ಕೆ ಪಾಕಿಸ್ತಾನದ ಬಾಲಾಕೋಟ್ ಮೇಲೆ ವಾಯುದಾಳಿ, ಮಾರ್ಚ್ 10ಕ್ಕೆ ಚುನಾವಣಾ ಘೋಷಣೆ. ಅದರ ಹಿಂದಿನ ದಿನ ಆಯೋಗ ಪಕ್ಷಗಳಿಗೆ ಪತ್ರ ಬರೆದು ಯೋಧರ ಫೋಟೊ ಪ್ರಚಾರಕ್ಕೆ ಬಳಸಬೇಡಿ ಎಂದಿತು. ಎಷ್ಟು ಪಾಲಿಸಿದರು ಎಂಬುದು ಎಲ್ಲರಿಗೂ ಗೊತ್ತು. ದೇಶದಲ್ಲಿ ಬಿಜೆಪಿಗೆ 303.

ಆದರೆ ಯೋಧನನ್ನು ಕಳೆದುಕೊಂಡ ಅದೇ ಮಂಡ್ಯದಲ್ಲಿ ಏಪ್ರಿಲ್ 18ರ ಮತದಾನದ ಮಾತೇನಿತ್ತು? ಅಂಬರೀಶ್, ಗೌಡರ ಕುಟುಂಬ, ಸ್ವಾಭಿಮಾನ, ಕಬ್ಬಿನ ಬಾಕಿ. ಬಿಜೆಪಿ ಬೆಂಬಲದ ಪಕ್ಷೇತರೆ ಸುಮಲತಾ ಗೆದ್ದದ್ದು 1.25 ಲಕ್ಷ ಮತಗಳಿಂದ. ಅದನ್ನು ಪುಲ್ವಾಮಾ ಖಾತೆಗೆ ಬರೆಯುವವರು ಆ ಚುನಾವಣೆಯ ಒಂದು ಭಾಷಣವನ್ನೂ ಕೇಳಿಲ್ಲ. ರಾಷ್ಟ್ರೀಯ ಭದ್ರತೆಯ ಅಲೆ ಎಲ್ಲಾ ಕ್ಷೇತ್ರಕ್ಕೂ ಒಂದೇ ಎತ್ತರದಲ್ಲಿ ಬರುವುದಿಲ್ಲ.

ಮಳವಳ್ಳಿ ಹೈದ

ಅದು ನಿಜ ಕಣಣ್ಣ. ಆದ್ರೂ ಹಂಗಂತ ಜನ ಮರ್ತಿದ್ರು ಅನ್ಬ್ಯಾಡಿ. ಆ ಯೋಧನ ಅಂತಿಮ ಮೆರವಣಿಗೆಗೆ ಸೇರಿದ್ ಜನ ನೋಡಿದ್ರೆ ಗೊತ್ತಾಯ್ತದೆ. ದುಃಖ ಬೇರೆ, ಓಟು ಬೇರೆ.

ಗಂಗೋತ್ರಿ ಗ್ರಂಥಾಲಯ

ಒಂದು ವಿಧ ಬಿಟ್ಟುಹೋಗಿದೆ: ಯಾರು ಪ್ರಚಾರ ಮಾಡಬಹುದು ಎಂಬುದನ್ನೇ ಉಗ್ರರು ಆರಿಸುವುದು. 2013ರ ಪಾಕಿಸ್ತಾನ ಚುನಾವಣೆಯಲ್ಲಿ ಪಾಕಿಸ್ತಾನಿ ತಾಲಿಬಾನ್, ಅಂದರೆ ಟಿಟಿಪಿ ಮೂರು ಪಕ್ಷಗಳ ಹೆಸರು ಹೇಳಿಯೇ ಬೆದರಿಸಿತು: ಪಿಪಿಪಿ, ಎಂಕ್ಯುಎಂ, ಎಎನ್‌ಪಿ. ಪೇಶಾವರ ಕಡೆ ಐದು ವರ್ಷ ಆಳಿದ ಎಎನ್‌ಪಿ ಪಕ್ಷಕ್ಕೆ ಒಂದು ಬಹಿರಂಗ ಸಭೆ ಮಾಡುವುದೇ ಕಷ್ಟವಾಯಿತು, ಅದರ ಹಿರಿಯ ನಾಯಕ ಬಷೀರ್ ಬಿಲೋರ್ 2012ರ ಡಿಸೆಂಬರಿನಲ್ಲೇ ಬಲಿಯಾಗಿದ್ದರು. ಬೇರೆ ಪಕ್ಷಗಳು ಮೈದಾನ ತುಂಬಿಸುತ್ತಿದ್ದಾಗ ಇವರು ಫೋನಿನಲ್ಲಿ ಭಾಷಣ ಮಾಡುತ್ತಿದ್ದರು. ಎಎನ್‌ಪಿ ಮಣ್ಣುಮುಕ್ಕಿತು. ಅವರ ಆಡಳಿತದ ಮೇಲೆ ಸಿಟ್ಟೂ ಇತ್ತು ಎನ್ನಿ. ಆದರೆ ಮತಪೆಟ್ಟಿಗೆ ಮುಟ್ಟದೆ ಸ್ಪರ್ಧೆಯನ್ನೇ ವಾಲಿಸುವ ಈ ಬಗೆ ಮತದಾನದ ದಿನವೊಂದನ್ನೇ ನೋಡಿದರೆ ಕಾಣುವುದಿಲ್ಲ.

ಬಿನ್ ಲಾಡೆನ್ ಟೇಪ್ ಬಗ್ಗೆ ಯಾರಾದರೂ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. 2004ರ ಏಪ್ರಿಲ್‌ನಲ್ಲಿ ಯುರೋಪಿನ ದೇಶಗಳಿಗೆ ‘ಸೈನ್ಯ ತೆಗೆಯಿರಿ, ಕದನವಿರಾಮ’ ಅಂತ ಮೂರು ತಿಂಗಳ ಗಡುವು ಕೊಟ್ಟ. ಯಾರೂ ಒಪ್ಪಲಿಲ್ಲ. ಅಕ್ಟೋಬರ್ 29ಕ್ಕೆ, ಅಮೆರಿಕ ಚುನಾವಣೆಗೆ ನಾಲ್ಕು ದಿನ ಇರುವಾಗ, ಇನ್ನೊಂದು ಟೇಪ್. ಬುಷ್ ಎದುರು ಸೋತ ಕೆರಿ ಆಮೇಲೆ ಅದನ್ನೂ ಒಂದು ಕಾರಣವಾಗಿ ಹೇಳಿದರು. ಅಷ್ಟು ಖಚಿತವಾಗಿ ಅಳೆಯಲು ದಾರಿ ಇಲ್ಲ.

ಸರಸ್ವತಿಪುರಂ ಪಡಸಾಲೆ

ಕೊನೆಯದಾಗಿ: ಮತದಾನದ ಮುನ್ನಾದಿನ ದಾಳಿಯಾದರೆ ಮುಂದೂಡಬೇಕೇ, ನಡೆಸಬೇಕೇ? ಆ ಅಧಿಕಾರ ಯಾರದ್ದು?

ಬೂತ್ ಮಟ್ಟದವ

ಸ್ಪೇನ್ ಮುಂದೂಡಲಿಲ್ಲ. ನಾವು 1991ರಲ್ಲಿ ಮೂರು ವಾರ ಮುಂದೂಡಿದೆವು. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರಂದೇ ಮೇಯರ್ ಚುನಾವಣೆಯ ಪ್ರಾಥಮಿಕ ಸುತ್ತಿನ ಮತದಾನ ನಡೆಯುತ್ತಿತ್ತು, ಅರ್ಧಕ್ಕೆ ನಿಲ್ಲಿಸಿ 25ಕ್ಕೆ ಹೊಸದಾಗಿ ನಡೆಸಿದರು. 2004ರಲ್ಲಿ ಅಧ್ಯಕ್ಷ ಚುನಾವಣೆಗೂ ಅಂಥ ವ್ಯವಸ್ಥೆ ಬೇಕೇ ಎಂಬ ಮಾತು ಎದ್ದಾಗ ಅಮೆರಿಕದ ಕೆಳಮನೆ 419-2 ಮತಗಳಿಂದ ‘ಯಾವ ದಾಳಿಗೂ ಮುಂದೂಡುವುದಿಲ್ಲ’ ಎಂಬ ನಿರ್ಣಯ ಮಾಡಿತು.

ನಮ್ಮಲ್ಲಿ ಮೂರು ಹಂತ. ಒಂದು ಬೂತ್‌ನಲ್ಲಿ ಗಲಭೆ, ಹಿಂಸೆಯಾದರೆ ಜನಪ್ರತಿನಿಧಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಆ ಬೂತ್ ಹೊಣೆಯ ಪ್ರಿಸೈಡಿಂಗ್ ಅಧಿಕಾರಿಯೇ ಅಲ್ಲಿನ ಮತದಾನ ಮುಂದೂಡಿ ಇಡೀ ಕ್ಷೇತ್ರದ ಹೊಣೆಯ ರಿಟರ್ನಿಂಗ್ ಅಧಿಕಾರಿಗೆ ತಿಳಿಸಬೇಕು. ಯಂತ್ರ ಹೊತ್ತೊಯ್ದರೆ, ಹಾಳು ಮಾಡಿದರೆ 58, ಬೂತ್ ವಶಪಡಿಸಿಕೊಂಡರೆ 58ಎ. ಮರುಮತದಾನ ಅಥವಾ ರದ್ದತಿ ಆಯೋಗದ ತೀರ್ಮಾನ. ಇಡೀ ಚುನಾವಣೆ ಮುಗಿಸುವ ಗಡುವನ್ನೇ ಹಿಗ್ಗಿಸಬೇಕಾದರೆ 153. ಇವು ಯಾವುವೂ ಸರ್ಕಾರದ ಕೈಯಲ್ಲಿಲ್ಲ. ಆಯೋಗ ಅಪಾಯದ ಕ್ಷೇತ್ರಗಳನ್ನು ಮೊದಲ ಹಂತಕ್ಕೆ ಹಾಕುವುದು, ಬಸ್ತರ್‌ನ ಕೆಲವು ಕ್ಷೇತ್ರಗಳಲ್ಲಿ ಬೆಳಗ್ಗೆ 7ರಿಂದ ಮಧ್ಯಾಹ್ನ 3ಕ್ಕೇ ಮತದಾನ ಮುಗಿಸುವುದು, ಸಿಬ್ಬಂದಿಯನ್ನು ಹೆಲಿಕಾಪ್ಟರಿನಲ್ಲಿ ಇಳಿಸುವುದು ಎಲ್ಲವೂ 57, 58ಕ್ಕೆ ಕೆಲಸ ಬಾರದಿರಲಿ ಅಂತ. 3 ಗಂಟೆಗೆ ಮುಗಿಸುವುದು ಕತ್ತಲಾಗುವ ಮೊದಲು ಯಂತ್ರ, ಸಿಬ್ಬಂದಿ ಕ್ಯಾಂಪ್ ಸೇರಲಿ ಅಂತ. ಮತದಾರ ಹತ್ತು ಕಿಲೊಮೀಟರ್ ನಡೆದು ಮನೆ ಸೇರುವ ಹೊತ್ತಿಗೆ ಏನು ಎಂಬುದಕ್ಕೆ ಕಾಯ್ದೆಯಲ್ಲಿ ಸೆಕ್ಷನ್ ಇಲ್ಲ.